ಹೊರಗಿನ ಚಿಲಕ

ಬೀಗದಕ್ಕನಿಗೆ ಮರೆವು ಅನ್ನುವುದೇ ಇರಲಿಲ್ಲ. ಹತ್ತನೇ ವಯಸ್ಸಿಗೇ ಅಪ್ಪನ ಬೀಗ ರಿಪೇರಿ ಅಂಗಡಿಯಲ್ಲಿ ಅರ ಹಿಡಿದು ಕೂತವಳು, ಅಪ್ಪ ಹೋದ ಮೇಲೆ ಅದೇ ಸ್ಟೂಲಿನ ಮೇಲೆ ತಾನು ಕೂತಳು. ಕೂತ ಮೊದಲ ವಾರವೇ ಎದುರು ಸಾಲಿನ ಪಾತ್ರೆ ಅಂಗಡಿಯವನು ನಾಲ್ಕು ಜನರ ಮುಂದೆ, "ಹೆಂಗಸಿನ ಕೈಗೆ ಬೀಗ ಕೊಟ್ರೆ ಇನ್ಮೇಲೆ ಊರೆಲ್ಲ ಬಾಗಿಲು ತೆಗೆದೇ ಮಲಗಬೇಕು" ಎಂದು ಹಲ್ಲು ಕಿರಿದ. ಅವಳು ಹನ್ನೊಂದು ವರ್ಷ ಕಾದಳು. ಒಂದು ಮಧ್ಯಾಹ್ನ ಅವನ ಶಟರಿನ ಬೀಗ ಕಚ್ಚಿಕೊಂಡು, ಅವನೇ ಉರಿಬಿಸಿಲಿನಲ್ಲಿ ಬೆವರು ಸುರಿಸುತ್ತಾ ಬಂದು ನಿಂತಾಗ, ಒಂದು ಲೋಟ ಚಹಾ ಕುಡಿದಳು, ಇನ್ನೊಂದಕ್ಕೆ ಹೇಳಿ ಕಳಿಸಿದಳು, ಅದನ್ನೂ ಆರಿಸಿ ಆರಿಸಿ ಕುಡಿದು ಆಮೇಲೆ ಎದ್ದಳು. ಬೀಗ ತೆಗೆಯಲು ಹಿಡಿದದ್ದು ಅರ್ಧ ನಿಮಿಷ.

ಗಂಡ ಶಾಲಾ ವ್ಯಾನು ಓಡಿಸುತ್ತಿದ್ದ, ದಿನಕ್ಕೆ ಮೂವತ್ತು ಮಕ್ಕಳ ಗಲಾಟೆ ಕೇಳಿ ಕೇಳಿ ಸಿಟ್ಟೇ ಮರೆತುಹೋದ ಮನುಷ್ಯ. ಮನೆಗೆ ಬಂದರೆ ಮಾತ್ರ ಮೂವತ್ತರಲ್ಲಿ ಒಂದೂ ತನ್ನದಲ್ಲ. ನಾದಿನಿಯ ಕೂಸನ್ನು ಒಮ್ಮೆ ಬೀಗದಕ್ಕ ಎತ್ತಿಕೊಂಡಾಗ ನಾದಿನಿ ಏನೂ ಅನ್ನದೆ, ನಗುನಗುತ್ತಲೇ ಕೂಸನ್ನು ಅವಳ ತೋಳಿನಿಂದ ಬಿಡಿಸಿಕೊಂಡು ಹೋಗಿದ್ದಳು. ಆ ನಗುವಿಗೆ ಒಂಬತ್ತು ವರ್ಷವಾಗಿತ್ತು. ಬೀಗ ಕೆಟ್ಟ ನಾದಿನಿಯ ಕಬ್ಬಿಣದ ಬೀರು ಅಷ್ಟೂ ವರ್ಷ ಹಗ್ಗ ಕಟ್ಟಿಕೊಂಡೇ ನಿಂತಿತ್ತು. "ಹೋಗ್ಲಿ ಬಿಡೇ, ಒಂದು ಬೀಗ ತಾನೇ" ಎಂದು ಗಂಡ ಅಂದರೆ, "ನಿಮ್ಮ ತಂಗಿ, ನೀವೇ ಹೋಗಿ ಹಲ್ಲಿನಿಂದ ತೆಗೀರಿ" ಎನ್ನುತ್ತಿದ್ದಳು.

ಇಂಥವಳಿಗೆ ನಲವತ್ತೆರಡನೇ ವಯಸ್ಸಿನಲ್ಲಿ, ಒಂದೂವರೆ ವರ್ಷ ಕಾಗದಪತ್ರಕ್ಕೆ ಅಲೆದಾಡಿದ ಮೇಲೆ, ಸಮುದ್ರದಾಚೆಯ ಇನ್ನೊಂದು ದೇಶದ ಅನಾಥಾಶ್ರಮದಲ್ಲಿ ಆರು ವರ್ಷದ ಒಂದು ಹುಡುಗಿಯನ್ನು ತೋರಿಸಿದರು. ಅಮ್ಮ ತೀರಿಕೊಂಡಿದ್ದಳು, ಅಪ್ಪ ಯಾರೆಂದೇ ತಿಳಿಯದು. ನ್ಯಾಯಾಲಯ ಮಗುವನ್ನು ಇವರ ಹೆಸರಿಗೆ ಮಾಡಿಕೊಡಬೇಕಾದರೆ ಮೂರು ವಾರ ಅಲ್ಲೇ ಇರಬೇಕು, ಮಗುವಿನ ಸಂಬಂಧಿಕರ ಮನೆಗೆ ಮೂರು ಸಲ ಹೋಗಿ ಕೂತು ಬರಬೇಕು, ಆಮೇಲೆ ವಿಚಾರಣೆ. ಆಶ್ರಮದವರು ಎರಡೂ ಭಾಷೆ ಬಲ್ಲ ಒಬ್ಬ ದುಭಾಷಿ ಹುಡುಗಿಯನ್ನು ಜೊತೆಗೆ ಕೊಟ್ಟರು. ಹಗಲೆಲ್ಲ ಮಗು ಇವರ ಬಾಡಿಗೆ ಕೋಣೆಯಲ್ಲಿ, ಸಂಜೆ ಮತ್ತೆ ಆಶ್ರಮಕ್ಕೆ.

ಮೊದಲ ದಿನವೇ ಮಗು ಕೋಣೆಗೆ ಬಂದದ್ದೇ ಬಾಗಿಲು ಹಾಕಿತು. ಹಾಕಿ, ಚಿಲಕ ಎಳೆದು, ಎಳೆದದ್ದು ಸರಿಯಾಗಿದೆಯೇ ಎಂದು ಎರಡು ಸಲ ಜಗ್ಗಿ ನೋಡಿತು. ಮಧ್ಯಾಹ್ನ ಮಲಗುವಾಗ ಮಂಚ ಬೇಡವೆಂದು ಬಾಗಿಲಿಗೆ ಬೆನ್ನು ಒತ್ತಿ ನೆಲದ ಮೇಲೇ ಮಲಗಿತು. ಗಂಡ ನಕ್ಕು, "ನಿನಗೆ ತಕ್ಕ ಮಗಳು ಕಣೇ, ಚಿಲಕಮ್ಮ" ಎಂದ. ಬೀಗದಕ್ಕ ನಗಲಿಲ್ಲ. ಮಗುವಿನ ಅಂಗಿ ಮೇಲೆ ಸರಿದಿತ್ತು, ಬೆನ್ನಿನ ಮೇಲೆ ಹಳೆಯ ಬಾಸುಂಡೆಗಳ ಗೆರೆ ಕಾಣುತ್ತಿತ್ತು. ಮಗುವನ್ನು ಆ ಬಗ್ಗೆ ಕೇಳಿದರೆ ಗೋಡೆ ಕಡೆ ತಿರುಗಿ ಕೂರುತ್ತಿತ್ತು.

ಉತ್ತರ ಆಶ್ರಮದ ಕಡತದಲ್ಲಿತ್ತು. ದುಭಾಷಿ ಹುಡುಗಿ ಓದಿ ಹೇಳಿದಳು. ಅಮ್ಮ ಸತ್ತ ಮೇಲೆ ಮಗು ಸೋದರಮಾವನ ಮನೆಯಲ್ಲಿತ್ತು. ಮಾವನ ಹೇಳಿಕೆ ಹೀಗಿತ್ತು: ನನ್ನ ಹೆಂಡತಿ ಮಗುವನ್ನು ಸಾಮಾನಿನ ಕೋಣೆಯಲ್ಲಿ ಕೂಡಿಹಾಕುತ್ತಿದ್ದಳು, ಹೊಡೆಯುತ್ತಿದ್ದಳು, ಕಡೆಗೆ ನನಗೂ ಹೇಳದೆ ಆಶ್ರಮದ ಗೇಟಿನ ಮುಂದೆ ಬಿಟ್ಟುಬಂದಳು. ಹೆಂಡತಿಯ ಹೇಳಿಕೆಯ ಜಾಗದಲ್ಲಿ ಒಂದೇ ಸಾಲು. ಹೇಳುವುದು ಏನೂ ಇಲ್ಲ.

"ಏನೂ ಇಲ್ವಂತಾ?" ಎಂದಳು ಬೀಗದಕ್ಕ. ಅವಳ ಮೈ ಉರಿದುಹೋಯಿತು. ಪಾತ್ರೆ ಅಂಗಡಿಯವನೂ ನಾದಿನಿಯೂ ಆ ಕ್ಷಣಕ್ಕೆ ಅವಳ ಪಟ್ಟಿಯಿಂದ ಹೊರಗೆ ಬಿದ್ದರು. ಪಟ್ಟಿಯಲ್ಲಿ ಉಳಿದದ್ದು ಒಬ್ಬಳೇ, ಮುಖ ಕೂಡ ನೋಡಿರದ ಆ ಹೆಂಡತಿ, ಮಗುವಿನ ಅತ್ತೆ.

ಮೊದಲ ಭೇಟಿಗೆ ಮಗುವನ್ನು ಆಶ್ರಮದಲ್ಲೇ ಬಿಟ್ಟು ಹೋದರು. ಮೂರನೇ ಮಹಡಿಯ ಮನೆ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಷ್ಟು ಇಕ್ಕಟ್ಟಿನ ಮೆಟ್ಟಿಲು. ಮಾವ ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮಾಡುವವನು, ದುಂಡುಮುಖ, ಮಾತು ಸಕ್ಕರೆ. ಗಂಡನನ್ನು ಬಾಗಿಲಲ್ಲೇ ತಬ್ಬಿಕೊಂಡ. ತಂಗಿಯ ಫೋಟೋ ತೋರಿಸುತ್ತಾ ಕಣ್ಣೊರೆಸಿಕೊಂಡ. "ನನ್ನ ತಂಗೀ ನೆನಪು ಅಂತ ಇರೋದು ಆ ಮಗು ಒಂದೇ" ಎಂದದ್ದನ್ನು ದುಭಾಷಿ ಹುಡುಗಿ ಹೇಳುವಾಗ ಅವಳೂ ಮೂಗು ಒರೆಸಿಕೊಂಡಳು. ಅತ್ತೆ ಚಹಾ ತಂದಿಟ್ಟಳು. ತೆಳ್ಳನೆ ಮೈ, ಬಣ್ಣಗೆಟ್ಟ ತುಂಬುತೋಳಿನ ಅಂಗಿ. ಕೂರಲಿಲ್ಲ, ಮಾತಾಡಲಿಲ್ಲ, ಮಗು ಹೇಗಿದೆ ಅಂತ ಒಂದು ಮಾತು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಚೀಲ ತಗಲಿಸಿಕೊಂಡು ಯಾವುದೋ ಶಾಲೆಯ ನೆಲ ಒರೆಸುವ ಕೆಲಸಕ್ಕೆ ಹೊರಟೇಹೋದಳು. ಕಲ್ಲು ಮುಂಡೇದು, ಎಂದುಕೊಂಡಳು ಬೀಗದಕ್ಕ.

ಅಡಿಗೆಮನೆ ಪಕ್ಕ ಸಾಮಾನಿನ ಕೋಣೆ. ಅದರ ಕದದ ಹೊರಮೈ ಮೇಲೆ ಎದೆಮಟ್ಟದಲ್ಲಿ ನಾಲ್ಕು ಸ್ಕ್ರೂ ತೂತು. ಚಿಲಕ ಇದ್ದು ಕಿತ್ತ ಗುರುತು. ಬೇರೆಯವರಿಗೆ ಅದು ತೂತು, ಬೀಗದಕ್ಕನಿಗೆ ಸಾಕ್ಷಿ. ಮಗುವನ್ನು ಕೂಡಿಹಾಕಿ ಹೊರಗಿನಿಂದ ಜಡಿದ ಚಿಲಕ, ಆಮೇಲೆ ಅಧಿಕಾರಿಗಳಿಗೆ ಹೆದರಿ ಕಿತ್ತದ್ದು. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಅವಳು ಎಲ್ಲ ಲೆಕ್ಕಾಚಾರ ಮುಗಿಸಿದಳು.

ಹೊರಡುವಾಗ ಮಾವ ತಾನೂ ಗೆಳೆಯರನ್ನು ನೋಡಲು ಹೋಗುವುದಿದೆ, ಬರುವುದು ರಾತ್ರಿಯೇ ಎಂದು ಮನೆಗೆ ಬೀಗ ಹಾಕಿ ಜೊತೆಗೆ ಇಳಿದ. ಎರಡನೇ ಮಹಡಿಯಲ್ಲಿ ಬೀಗದಕ್ಕ, "ಕರ್ಚೀಫು ಮೆಟ್ಟಿಲಲ್ಲಿ ಬಿದ್ದಿರಬೇಕು, ನೀವು ನಡೀರಿ" ಎಂದು ಒಬ್ಬಳೇ ಮೇಲೆ ಹತ್ತಿದಳು. ಮೊದಲು ಬಂದು ಬಾಗಿಲು ತೆಗೆಯುವವಳು ಹೆಂಡತಿಯೇ ಎಂದು ಅವಳಿಗೆ ಗೊತ್ತಿತ್ತು. ಚೀಲದಲ್ಲಿದ್ದ ಬೆಂಕಿಕಡ್ಡಿ ಮುರಿದು ಬೀಗದ ತೂತಿಗೆ ಇಟ್ಟು, ಪಿನ್ನಿನಿಂದ ಒಳಕ್ಕೆ ತಳ್ಳಿ, ಇನ್ನೊಂದು ಚೂರನ್ನೂ ಅದರ ಹಿಂದೆ ತಳ್ಳಿದಳು. ಇನ್ನು ಯಾವ ಬೀಗದ ಕೈಯೂ ಒಳಗೆ ಹೋಗದು. ಕೂಡಿಹಾಕಿದವಳು ಒಂದು ಸಂಜೆ ಮನೆಯಿಲ್ಲದೆ ಮೆಟ್ಟಿಲ ಮೇಲೆ ಕೂರಲಿ. ಕೆಳಗೆ ಬಂದಾಗ ಅವಳ ಮುಖ ನೋಡಿ ಗಂಡ ಕೇಳಿದ, "ಏನು ಮಾಡಿ ಬಂದೆ?"

"ಕರ್ಚೀಫು ಸಿಕ್ತು," ಎಂದಳು.

ಒಂದು ವಾರ ಅವಳು ಖುಷಿಯಾಗಿದ್ದಳು. ಮಗು ಇವರ ಭಾಷೆಯ ನಾಲ್ಕು ಮಾತು ಕಲಿಯಿತು. ನೀರು, ಹಾಕು, ತೆಗೆ, ಬೇಡ. ನಾಲ್ಕರಲ್ಲಿ 'ಹಾಕು' ಒಂದನ್ನೇ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿತ್ತು, ಬಾಗಿಲ ಕಡೆ ಬೆರಳು ತೋರಿಸಿ.

ಎರಡನೇ ಭೇಟಿಗೆ ಹೋದಾಗ ಮುಂಬಾಗಿಲಿಗೆ ಹೊಸ ಬೀಗ. ಮಾವ ತೊಡೆ ತಟ್ಟಿಕೊಂಡು ನಕ್ಕ. "ನನ್ನ ಹೆಂಡತಿಗೆ ಒಂದು ಬೀಗ ತೆಗೆಯೋಕೂ ಬರಲ್ಲ ನೋಡಿ. ಕೆಡಿಸಿಟ್ಟು ಮೆಟ್ಟಿಲ ಮೇಲೆ ಕೂತಿದ್ಲು. ಆಮೇಲೆ ನಾನು ಬಂದು ಬುದ್ಧಿ ಹೇಳಿದೆ."

ಅತ್ತೆ ಚಹಾ ಇಡಲು ಬಗ್ಗಿದಳು. ತೋಳಿನ ಅಂಚು ಮೇಲೆ ಸರಿಯಿತು. ಮಣಿಕಟ್ಟಿನ ಸುತ್ತ ನೇರಳೆ ಬಣ್ಣದ ಬಳೆಯಂತೆ ಒಂದು ಗಾಯ, ನಡುವೆ ನಾಲ್ಕು ಬೆರಳಿನ ಗುರುತು. ಒಂದು ಕ್ಷಣ, ಅಷ್ಟೇ. ತೋಳು ಮತ್ತೆ ಕೆಳಗೆ ಬಂತು.

ಬೀಗದಕ್ಕನಿಗೆ ತಾನು ಇಟ್ಟ ಬೆಂಕಿಕಡ್ಡಿ ಎಲ್ಲಿ ಹೋಗಿ ಚುಚ್ಚಿತು ಎಂದು ತಿಳಿಯಲು ದುಭಾಷಿ ಬೇಕಿರಲಿಲ್ಲ. ಚಹಾ ಲೋಟ ಕೆಳಗಿಟ್ಟಳು. "ಮಗೂದು ಹಳೇ ಬಟ್ಟೆ, ಆಟದ ಸಾಮಾನು ಏನಾದ್ರೂ ಇದ್ರೆ ನೋಡ್ಬಹುದಾ?" ಎಂದು ಕೇಳಿಸಿದಳು. ಮಾವ ಧಾರಾಳವಾಗಿ ಕೈಬೀಸಿದ. ಅತ್ತೆ ಸಾಮಾನಿನ ಕೋಣೆ ತೆರೆದಳು. ಬೀಗದಕ್ಕ ಅವಳ ಹಿಂದೆ ಒಳಹೋಗಿ ಕದ ತಿರುಗಿಸಿ ಹಿಂಬದಿ ನೋಡಿದಳು.

ಚಿಲಕ ಅಲ್ಲಿತ್ತು. ಕದದ ಒಳಮೈ ಮೇಲೆ, ದೊಡ್ಡವರ ಮೊಣಕಾಲಿಗಿಂತ ಒಂದು ಗೇಣು ಮೇಲೆ. ಅಷ್ಟು ಕೆಳಗೆ ಯಾವ ಕಸುಬಿನವನೂ ಚಿಲಕ ಜಡಿಯುವುದಿಲ್ಲ. ಸ್ಕ್ರೂಗಳು ಸೊಟ್ಟ, ತಲೆಯ ಗೀರು ಜಜ್ಜಿಹೋಗಿದೆ, ಸ್ಕ್ರೂಡ್ರೈವರ್ ಇಲ್ಲದೆ ಅಡಿಗೆಮನೆ ಚಾಕುವಿನಿಂದ ತಿರುಗಿಸಿದ ಕೈ. ಆದರೆ ಸ್ಕ್ರೂ ಮಾತ್ರ ಉದ್ದನೆಯವು, ಬೇಕೆಂದೇ ಹುಡುಕಿ ಹಾಕಿದ್ದು. ಚಿಲಕದ ಗುಂಡಿಯ ಬಣ್ಣ ಸವೆದು ಹೊಳೆಯುತ್ತಿತ್ತು, ಸಣ್ಣ ಬೆರಳಿನ ಅಗಲಕ್ಕೆ. ಅವಳು ಹೆಬ್ಬೆರಳಿನಿಂದ ಸ್ಕ್ರೂಗಳ ನಡುವಿನ ಅಂತರ ಅಳೆದಳು, ಕದ ತಿರುಗಿಸಿ ಹೊರಗಿನ ತೂತುಗಳ ಅಂತರ ಅಳೆದಳು. ಎರಡೂ ಒಂದೇ. ಹೊರಗಿದ್ದ ಚಿಲಕವನ್ನೇ ಕಿತ್ತು ಒಳಗೆ ಹಾಕಲಾಗಿತ್ತು. ಹೊರಮೈಯ ತಳದಲ್ಲಿ ಬಣ್ಣ ಬಳಿದು ಮುಚ್ಚಿದ ತಗ್ಗುಗಳಿದ್ದವು. ದೊಡ್ಡ ಬೂಟಿನ ಒದೆತಗಳು.

ಕೂಡಿಹಾಕಲು ಯಾರೂ ಒಳಗೆ ಚಿಲಕ ಹಾಕುವುದಿಲ್ಲ. ಈ ಚಿಲಕ ಹಾಕಿಕೊಳ್ಳುತ್ತಿದ್ದವಳು ಮಗು. ಒದೆಯುತ್ತಿದ್ದವನು ಹೊರಗೆ.

ಬೀಗದಕ್ಕ ಜಜ್ಜಿದ ಸ್ಕ್ರೂ ಮೇಲೆ ಬೆರಳಿಟ್ಟು ಅತ್ತೆಯ ಕಡೆ ಹುಬ್ಬೇರಿಸಿದಳು. ಅತ್ತೆ ತನ್ನ ಬಲಗೈ ಹೆಬ್ಬೆರಳು ಚಾಚಿ ತೋರಿಸಿದಳು. ಅದರ ಬುಡದಲ್ಲಿ ಚಾಕು ಜಾರಿ ಹರಿದ ಹಳೆಯ ಕಲೆ.

ಬೀದಿಗೆ ಇಳಿದ ಮೇಲೆ ಬೀಗದಕ್ಕ ಗೋಡೆಗೆ ಒರಗಿ ನಿಂತಳು. ಇಷ್ಟು ವರ್ಷ ಬೀಗ ನೋಡಿದವಳು, ಕದದ ಒಂದೇ ಮೈ ನೋಡಿ ತೀರ್ಪು ಕೊಟ್ಟುಬಿಟ್ಟಿದ್ದಳು. ಅಪ್ಪ ಇದ್ದಿದ್ದರೆ ಅರ ಕಿತ್ತುಕೊಂಡು ಸ್ಟೂಲಿನಿಂದ ಎಬ್ಬಿಸುತ್ತಿದ್ದ. ಅವಳಿಗೆ ತನ್ನ ಮೇಲೇ ಅಸಹ್ಯ ಬಂತು, ಅದರ ಹಿಂದೆಯೇ, ಅದರ ಹತ್ತರಷ್ಟು, ಆ ಸಕ್ಕರೆ ಬಾಯಿಯ ಮೇಲೆ ರೋಷ ಬಂತು. ಎಲ್ಲವನ್ನೂ ಗಂಡನಿಗೂ ದುಭಾಷಿ ಹುಡುಗಿಗೂ ಹೇಳಿದಳು, ಬೆಂಕಿಕಡ್ಡಿ ಒಂದನ್ನು ಬಿಟ್ಟು.

"ಜಡ್ಜ್ ಹತ್ರ ಹೇಳೋಣ," ಎಂದ ಗಂಡ.

"ಹೇಳಿದ್ರೆ ಕಡತ ಮತ್ತೆ ಮೊದಲಿಂದ ಶುರು ಅಣ್ಣ. ಒಂದು ವರ್ಷ ಮಗು ಇಲ್ಲೇ," ಎಂದಳು ದುಭಾಷಿ ಹುಡುಗಿ. "ಆಕೆ ಗಂಡನ ವಿರುದ್ಧ ಬಾಯಿ ಬಿಡಲ್ಲ. ಇನ್ನೊಂದು ವಿಷಯ ಇದೆ. ಅವನು ಅರ್ಜಿ ಹಾಕಿದಾನೆ. ವರ್ಷಕ್ಕೆ ಎರಡು ತಿಂಗಳು ಮಗೂನ ತನ್ನ ಮನೆಗೆ ಕಳಿಸಬೇಕು ಅಂತ. ರಕ್ತಸಂಬಂಧಿ ಕೇಳಿದ್ರೆ ಇಲ್ಲಿ ಸಾಮಾನ್ಯವಾಗಿ ಇಲ್ಲ ಅನ್ನಲ್ಲ."

"ಯಾತಕ್ಕಂತೆ ಅವನಿಗೆ?"

"ತಂಗಿ ನೆನಪಿಗೆ. ಕಾರ್ಖಾನೆಯವರೆಲ್ಲ ಅವನನ್ನ ದೇವರಂಥ ಮನುಷ್ಯ ಅಂತಾರಕ್ಕ."

ಬೀಗದಕ್ಕ ಹಲ್ಲು ಕಚ್ಚಿದಳು. ವರ್ಷಕ್ಕೆ ಎರಡು ತಿಂಗಳು, ಆ ಬೂಟು, ಆ ಕದ. "ಅರ್ಜಿ ಬಿದ್ದುಹೋಗೋಕೆ ಏನಾಗಬೇಕು?"

"ವಿಚಾರಣೆ ದಿನ ಕರೆದಾಗ ಅವನೇ ಖುದ್ದಾಗಿ ಎದ್ದು ನಿಂತು ಕೇಳಬೇಕು. ಇಲ್ಲದಿದ್ರೆ ಬಿತ್ತು, ಮತ್ತೆ ಹಾಕೋ ಹಾಗಿಲ್ಲ. ಆದ್ರೆ ಅವನು ಬರದೇ ಇರ್ತಾನಾ? ಹೊಸ ಕೋಟು ಹೊಲಿಸಿದಾನೆ."

ಗಂಡ ಹೆಂಡತಿಯ ಮುಖ ನೋಡಿದ, ಪಾತ್ರೆ ಅಂಗಡಿಯವನು ನೆನಪಾಗಿರಬೇಕು, ಬೇಗಬೇಗ ಮುಂದೆ ನಡೆದ.

ಮೂರನೇ ಭೇಟಿ ವಿಚಾರಣೆಯ ಹಿಂದಿನ ದಿನ. ಬೀಗದಕ್ಕ ಪುಟ್ಟ ಹತಾರದ ಚೀಲ ತಂದಿದ್ದಳು. ಕಸುಬಿನವಳು, ನಿಮ್ಮ ಮನೆಗೆ ನನ್ನ ಕೈಯಿಂದ ಏನಾದರೂ ಆಗಬೇಕು ಅಂತ ಆಸೆ, ಎಂದು ಹೇಳಿಸಿದಳು. ಮುಂಬಾಗಿಲಿನ ಬೀಗಕ್ಕೆ ಎಣ್ಣೆ ಬಿಟ್ಟಳು. ಅಡಿಗೆಮನೆ ಕಿಟಕಿಯ ಕೊಂಡಿ ಸರಿಮಾಡಿದಳು. ಆಮೇಲೆ ಸಾಮಾನಿನ ಕೋಣೆಯ ಕದದ ಮುಂದೆ ನಿಂತು ತುಂಬ ಅಚ್ಚರಿಪಟ್ಟವಳಂತೆ, "ಇದೇನಿದು, ಸಾಮಾನಿನ ಕೋಣೆಗೆ ಒಳಗಡೆ ಚಿಲಕ? ಡಬ್ಬಗಳು ಹಾಕಿಕೊಂಡು ಕೂರುತ್ವಾ?" ಎಂದಳು.

ದುಭಾಷಿ ಹುಡುಗಿ ಅದನ್ನು ಹೇಳಿದಾಗ ಮಾವ ಹೊಟ್ಟೆ ಹಿಡಿದು ನಕ್ಕ. "ಎಲ್ಲ ನನ್ನ ಹೆಂಡತಿಯ ಬುದ್ಧಿ. ಹೊರಗೇ ಹಾಕಿಬಿಡಿ ಅಮ್ಮ."

ಬೀಗದಕ್ಕ ಹೊರಗೆ ಹಾಕಿದಳು. ಹಳೆಯ ನಾಲ್ಕು ತೂತಿಗೆ ಬೆರಳುದ್ದದ ಹೊಸ ಸ್ಕ್ರೂ, ಚೌಕಟ್ಟಿನ ಮೇಲೆ ಕಬ್ಬಿಣದ ಪಟ್ಟಿ, ಪಟ್ಟಿಗೆ ಮತ್ತೆ ನಾಲ್ಕು ಸ್ಕ್ರೂ. ತೊಲೆಯಿಂದ ಗುದ್ದಿದರೂ ಅಲುಗದಂತೆ. ಕದ ಅಲ್ಲಾಡದಿರಲೆಂದು ಮಾವ ತಾನೇ ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದ, ಮುಗಿದ ಮೇಲೆ, "ಭಾರೀ ಗಟ್ಟಿಯಾಯ್ತು" ಎಂದು ಮೆಚ್ಚಿ ತಲೆದೂಗಿದ. ಬೀಗದಕ್ಕನಿಗೆ ಒಳಗೊಳಗೇ ಎಂಥ ಸುಖವಾಯಿತೆಂದರೆ, ಮುಖ ತೋರಿಸಬಾರದೆಂದು ಬಗ್ಗಿ ನೆಲದ ಮೇಲಿನ ಮರದ ಪುಡಿ ಗುಡಿಸಿದಳು. ಕೋಣೆಯೊಳಗೆ ಕಿಟಕಿ ಇಲ್ಲ. ಅದರ ಒಳಗೋಡೆಯ ಮೊಳೆಗೆ, ಪ್ಲಾಸ್ಟಿಕ್ ಹೊದಿಸಿದ ಹೊಸ ಕೋಟು ನೇತಾಡುತ್ತಿತ್ತು.

ಮಾವ ಗಂಡನಿಗೆ ಫೋಟೋ ತೋರಿಸಲು ಅತ್ತ ತಿರುಗಿದಾಗ ಬೀಗದಕ್ಕ ಅತ್ತೆಯ ಎದುರು ಚಿಲಕ ಒಮ್ಮೆ ಎಳೆದಳು. ತೆಗೆದಳು. ಮತ್ತೊಮ್ಮೆ ಎಳೆದಳು. ಸದ್ದೇ ಇಲ್ಲ, ಅಷ್ಟು ಎಣ್ಣೆ ಬಿಟ್ಟಿದ್ದಳು. ಆಮೇಲೆ ಕೋಟಿನ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು. ಅತ್ತೆಯ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಲೋಟಗಳನ್ನು ಎತ್ತಿಕೊಂಡು ಅಡಿಗೆಮನೆಗೆ ಹೋದಳು. ಅರ್ಥವಾಯಿತೋ ಇಲ್ಲವೋ ದೇವರೇ ಬಲ್ಲ.

ಮರುದಿನ ಹನ್ನೊಂದಕ್ಕೆ ವಿಚಾರಣೆ. ನ್ಯಾಯಾಲಯದ ಬೆಂಚಿನ ಮೇಲೆ ಮಗು ಬೀಗದಕ್ಕನಿಗೂ ಗಂಡನಿಗೂ ನಡುವೆ ಕೂತು ಬಾಗಿಲನ್ನೇ ನೋಡುತ್ತಿತ್ತು. ಬೀಗದಕ್ಕನೂ ಬಾಗಿಲನ್ನೇ ನೋಡುತ್ತಿದ್ದಳು. ಪ್ರತಿ ಸಲ ಅದು ತೆರೆದಾಗ ಹೊಸ ಕೋಟು ಹುಡುಕುತ್ತಿದ್ದಳು. ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ತೆರೆಯಿತು. ಅತ್ತೆ ಬಂದಳು, ಒಬ್ಬಳೇ. ಹೆಗಲಿಗೆ ಒಂದು ಬಟ್ಟೆಯ ಚೀಲ, ಉಬ್ಬುವಷ್ಟು ತುಂಬಿದ್ದು. ಹಿಂದಿನ ಬೆಂಚಿನಲ್ಲಿ ಕೂತಳು.

ಗುಮಾಸ್ತ ಮಾವನನ್ನು ಮೂರು ಸಲ ಕರೆದ. ನ್ಯಾಯಾಧೀಶೆ ಕನ್ನಡಕದ ಮೇಲಿಂದ ಅತ್ತೆಯನ್ನು ನೋಡಿದಳು. "ನಿಮ್ಮ ಗಂಡ ಎಲ್ಲಿ?"

"ಮನೇಲಿದಾರೆ."

"ಬರ್ತಾರಾ?"

"ಬರೋ ಹಾಗೆ ಕಾಣಲ್ಲ," ಎಂದಳು ಅತ್ತೆ. "ನಾನು ಹೊರಡೋವಾಗ ಕೋಟು ತಗೋಳ್ತಾ ಇದ್ರು."

ದುಭಾಷಿ ಹುಡುಗಿ ಅದನ್ನು ಪಿಸುಗುಟ್ಟಿದಾಗ ಬೀಗದಕ್ಕ ಕೆನ್ನೆಯ ಒಳಗನ್ನು ಕಚ್ಚಿ ಹಿಡಿದಳು. ಅರ್ಜಿ ಬಿತ್ತು. ಹತ್ತು ನಿಮಿಷಕ್ಕೆ ಆದೇಶಕ್ಕೆ ಸಹಿಯಾಯಿತು. ಮಗು ಇವರದಾಯಿತು, ವರ್ಷದ ಹನ್ನೆರಡು ತಿಂಗಳಿಗೂ.

ಹೊರಗಿನ ಮೆಟ್ಟಿಲ ಮೇಲೆ ಮಗು ಓಡಿಹೋಗಿ ಅತ್ತೆಯ ಸೊಂಟ ಹಿಡಿದುಕೊಂಡಿತು. ಕಲ್ಲಿನಂಥ ಆ ಮುಖ ಆಗ ಒಡೆಯಿತು. ಅವಳು ಮಗುವಿನ ತಲೆಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಅಳು ನಿಲ್ಲುವವರೆಗೆ ಬೀಗದಕ್ಕ ಕಾದಳು. ಆಮೇಲೆ ದುಭಾಷಿ ಹುಡುಗಿಗೆ, "ಹೇಳಮ್ಮ. ಅವತ್ತು ಅವರ ಬೀಗ ಕೆಡಿಸಿದ್ದು ನಾನು. ಆ ಕೈಗೆ ಆದದ್ದು ನನ್ನಿಂದ" ಎಂದಳು. ಹುಡುಗಿ ಕಣ್ಣರಳಿಸಿಕೊಂಡೇ ಅದನ್ನು ಹೇಳಿದಳು, ಗಂಡ ಕಣ್ಣು ಮುಚ್ಚಿಕೊಂಡ.

ಅತ್ತೆ ಚೀಲದ ಪಕ್ಕದ ಜೇಬಿನಿಂದ ಏನೋ ತೆಗೆದು ಬೀಗದಕ್ಕನ ಅಂಗೈಗೆ ಹಾಕಿದಳು. ಬೆಂಕಿಕಡ್ಡಿಯ ಎರಡು ಚೂರು.

"ಬೀಗ ಬಿಚ್ಚಿದವನು ನನ್ನ ಕೈಗೇ ಕೊಟ್ಟಿದ್ದ," ಎಂದಳು. "ಮೇಲೆ ಹತ್ತಿ ಬಂದದ್ದು ನೀವು ಅಂತ ಪಕ್ಕದವರು ಅಂದ್ರು. ಗಂಡನಿಗೆ ಹೇಳಿದ್ರೆ ನಿಮ್ಮ ಕಾಗದ ನಿಲ್ಲಿಸಿಬಿಡ್ತಿದ್ದ. ಮಗು ಹೋಗಬೇಕಿತ್ತಲ್ಲ."

ಎಷ್ಟೋ ಜನರಿಗೆ ನೀರು ಕುಡಿಸಿದ ಬೀಗದಕ್ಕ ಒಬ್ಬರ ಮುಂದೆ ತಲೆ ತಗ್ಗಿಸಿ ನಿಂತದ್ದು ಅದೇ ಮೊದಲು. ಬಗ್ಗಿ ಅತ್ತೆಯ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡಳು.

"ಇನ್ನು ಆ ಮನೆಗೆ ಹೋಗಬೇಡಿ," ಎಂದಳು ಕಡೆಗೆ.

"ಇಲ್ಲ. ನನ್ನ ಅಕ್ಕನ ಊರಿಗೆ ಮಧ್ಯಾಹ್ನದ ಬಸ್ಸಿದೆ."

ದುಭಾಷಿ ಹುಡುಗಿಗೆ ಈಗ ಒಂದೊಂದೇ ಹೊಳೆಯತೊಡಗಿತ್ತು. "ಅಕ್ಕ, ಹಾಗಾದ್ರೆ ಅವನು ಆ ಕೋಣೆಯಲ್ಲಿ... ಕೂಗಿಕೊಳ್ಳಲ್ವಾ? ಫೋನು?"

ಅತ್ತೆಯನ್ನೇ ಕೇಳಿದ್ದಕ್ಕೆ ಅವಳು ನಿಧಾನವಾಗಿ ಹೇಳಿದಳು. ಫೋನು ಊಟದ ಮೇಜಿನ ಮೇಲಿದೆ. ಕೂಗುತ್ತಲೂ ಇದ್ದಾನೆ, ಒದೆಯುತ್ತಲೂ ಇದ್ದಾನೆ, ಕೆಳಗಿನ ಮಹಡಿಯವರೆಗೂ ಕೇಳಿಸುತ್ತಿತ್ತು. ಆದರೆ ಆ ಮನೆಯ ಕೂಗಿಗೆ, ಒದೆತಕ್ಕೆ ನೆರೆಯವರು ಬಾಗಿಲು ತೆಗೆಯುವುದನ್ನು ಬಿಟ್ಟು ವರ್ಷಗಳಾಗಿವೆ. "ಕೆಳಗಿನವರಿಗೆ ಸಂಜೆ ತೆಗೀರಿ ಅಂತ ಹೇಳಿ ಬರೋಣ ಅಂತಿದ್ದೆ," ಎಂದಳು. "ಮರೆತೆ."

"ಮರೆವು ಯಾರಿಗಿಲ್ಲ," ಎಂದಳು ಬೀಗದಕ್ಕ.

"ಯಾರಾದ್ರೂ ಹೇಳಬೇಕಲ್ಲಕ್ಕ!"

"ಹೇಳೋಣಮ್ಮ. ಸಂಜೆ ನೀನೇ ಆ ಕೆಳಗಿನವರಿಗೆ ಫೋನ್ ಮಾಡಿ ಹೇಳುವಂತೆ."

ಅಷ್ಟರಲ್ಲಿ ಮಗು ಅತ್ತೆಯ ಅಂಗಿ ಜಗ್ಗಿ ಏನೋ ಕೇಳಿತು. ಅತ್ತೆ ಒಂದೇ ಮಾತಿನಲ್ಲಿ ಉತ್ತರಿಸಿದಳು. ಮಗು ಮತ್ತೆ ಕೇಳಿತು, ಅತ್ತೆ ಮತ್ತೆ ಅದೇ ಮಾತು ಹೇಳಿದಳು.

"ಮಾವನಿಗೆ ಒಳಗಿನಿಂದ ತೆಗೆಯೋಕೆ ಬರುತ್ತಾ ಅಂತ ಕೇಳಿದ್ಲು," ಎಂದಳು ದುಭಾಷಿ ಹುಡುಗಿ. "ಬರಲ್ಲ ಅಂದ್ರು."

ಅತ್ತೆಯನ್ನು ಬಸ್ಸು ಹತ್ತಿಸಿ ಬಾಡಿಗೆ ಕೋಣೆಗೆ ಬಂದಾಗ ಎರಡು ದಾಟಿತ್ತು. ಮಗುವಿಗೆ ಊಟ ಮಾಡಿಸಿ ಬೀಗದಕ್ಕ ಎಂದಿನಂತೆ ಬಾಗಿಲ ಬಳಿ ಹಾಸಿಗೆ ಬಿಡಿಸಿದಳು, ಕದ ಮುಚ್ಚಿ ಚಿಲಕಕ್ಕೆ ಕೈ ಹಾಕಿದಳು. ಮಗು ಹಾಸಿಗೆಯನ್ನು ನೋಡಿತು, ದಾಟಿ ಹೋಗಿ ಮಂಚ ಹತ್ತಿತು.

"ತೆಗೆ," ಎಂದಿತು, ಬಾಗಿಲಿಗೆ ಬೆರಳು ತೋರಿಸಿ.

ಬೀಗದಕ್ಕ ಗಂಡನ ಮುಖ ನೋಡಿದಳು. ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಳು. ಓಣಿಯಲ್ಲಿ ಯಾರೋ ಬಕೆಟ್ ಎಳೆದುಕೊಂಡು ಹೋದರು, ಎದುರು ಕೋಣೆಯಲ್ಲಿ ರೇಡಿಯೋ ಹಾಡುತ್ತಿತ್ತು. ಮಗು ಬಾಗಿಲಿಗೆ ಬೆನ್ನು ಮಾಡಿ, ಕಾಲು ಚಾಚಿ, ಎರಡೇ ನಿಮಿಷಕ್ಕೆ ನಿದ್ದೆಹೋಯಿತು.

ಗಂಡ ಮೆಲ್ಲಗೆ, "ಪಾಪ, ಅವನಿಗೆ ನೀರಾದ್ರೂ..." ಎಂದು ಶುರುಮಾಡಿದ. ಬೀಗದಕ್ಕ ಅವನತ್ತ ನೋಡಿದ್ದಕ್ಕೆ ಅಲ್ಲಿಗೇ ನಿಲ್ಲಿಸಿದ. ಅವಳು ಹೊಸ್ತಿಲ ಮೇಲೆ ಕೂತು ಎರಡು ಲೋಟ ಚಹಾ ಬಸಿದುಕೊಂಡಳು, ಒಂದನ್ನೂ ಗಂಡನಿಗೆ ಕೊಡಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ. ಇನ್ನೂ ಸಂಜೆಯಾಗಿರಲಿಲ್ಲ.